ಒಂದೇ ಬ್ಯಾಟರಿಯಲ್ಲಿ ಹತ್ತು ವರ್ಷ ನಡೆಯುವ ನಿಸ್ತಂತು ನೀರಿನ ಮೀಟರ್: ಇದು ಯಾವ ಆವಿಷ್ಕಾರದ ಫಲ?

ಕನಕಪುರ ರಸ್ತೆಯ ನಿಮ್ಮ ಅಪಾರ್ಟ್‌ಮೆಂಟಿಗೆ ನಿಸ್ತಂತು ನೀರಿನ ಮೀಟರ್ ಹಾಕಲು ಬಂದ ಕಂಪನಿಯವರು ಬ್ಯಾಟರಿ ಹತ್ತು ವರ್ಷ ಬರುತ್ತದೆ ಎಂದಿದ್ದಾರೆ, ಎಸ್.ಪಿ. ರಸ್ತೆಯಿಂದ ವೈಫೈ ಮಾಡ್ಯೂಲ್ ತಂದು ನೀವೇ ಕಟ್ಟಿದ ಓವರ್‌ಹೆಡ್ ಟ್ಯಾಂಕಿನ ಮಟ್ಟಸೂಚಕಕ್ಕಾದರೋ ಎರಡು ದಿನಕ್ಕೊಮ್ಮೆ ಬ್ಯಾಟರಿ ಬದಲಿಸಬೇಕಾಗಿದೆ. ಎರಡೂ ರೇಡಿಯೊಗಳೇ ಆಗಿರುವಾಗ ಈ ಅಂತರ ಎಲ್ಲಿಂದ ಬಂತು, ಕಂಪನಿಯವರ ಮಾತನ್ನು ನಂಬಬಹುದೇ ಎಂದು ಕೇಳಿದ್ದೀರಿ. ನಾನು ಬೆಂಗಳೂರಿನಲ್ಲೇ ಇಂಥ ಮೀಟರುಗಳಿಗೆ ಫರ್ಮ್‌ವೇರ್ (ಸಾಧನದ ಚಿಪ್‌ನೊಳಗೆ ನಡೆಯುವ ತಂತ್ರಾಂಶ) ಬರೆಯುವ ಕೆಲಸದಲ್ಲಿದ್ದೇನೆ. ನಂಬಬಹುದು, ಆದರೆ ಕೆಲವು ವಿಷಯಗಳನ್ನು ಕೇಳಿ ತಿಳಿದುಕೊಂಡ ಮೇಲೆ.

ರೇಡಿಯೊ ಸಂದೇಶ ಕಳುಹಿಸುವಾಗಲೇ ಹೆಚ್ಚು ವಿದ್ಯುತ್ ಖರ್ಚಾಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಬ್ಯಾಟರಿಯನ್ನು ನಿಜವಾಗಿ ತಿನ್ನುವುದು ಕಾಯುವ ಕೆಲಸ, ಅಂದರೆ ಯಾರಾದರೂ ಕರೆದಾರೇನೋ ಎಂದು ರಿಸೀವರನ್ನು ಸದಾ ತೆರೆದಿಟ್ಟುಕೊಂಡಿರುವುದು. ಸೆನ್ಸರ್ ಜಾಲಗಳ, ಅಂದರೆ ಅಳತೆ ಮಾಡಿ ರೇಡಿಯೊದಲ್ಲಿ ತಿಳಿಸುವ ಪುಟ್ಟ ಸಾಧನಗಳ ಜಾಲಗಳ, ಸಂಶೋಧನೆಯಲ್ಲಿ ಒಂದು ಕಾಲಕ್ಕೆ ಎಲ್ಲೆಲ್ಲೂ ಬಳಕೆಯಲ್ಲಿದ್ದ ಸಿಸಿ2420 ಎಂಬ ರೇಡಿಯೊ ಚಿಪ್, ಪೂರ್ಣ ಶಕ್ತಿಯಲ್ಲಿ ಕಳುಹಿಸುವಾಗ 17.4 ಮಿಲಿಆಂಪಿಯರ್ ಎಳೆದರೆ ಸುಮ್ಮನೆ ಆಲಿಸುವಾಗ 18.8 ಮಿಲಿಆಂಪಿಯರ್ ಎಳೆಯುತ್ತಿತ್ತು. 2,500 ಮಿಲಿಆಂಪಿಯರ್-ಗಂಟೆಯ ಎಎ ಸೆಲ್ಲುಗಳ ಮೇಲೆ ಅದನ್ನು ಬಿಡುವಿಲ್ಲದೆ ಆಲಿಸಲು ಬಿಟ್ಟರೆ ಐದೂವರೆ ದಿನದಲ್ಲಿ ಸೆಲ್ ಖಾಲಿ, ನೂರರಲ್ಲಿ ಒಂದು ಪಾಲು ಸಮಯ ಮಾತ್ರ ಆಲಿಸಿದರೆ ಒಂದೂವರೆ ವರ್ಷ. ಹಾಗಾಗಿ ಈ ಕ್ಷೇತ್ರದ ದೊಡ್ಡ ಆವಿಷ್ಕಾರಗಳೆಲ್ಲ ಒಂದೇ ಪ್ರಶ್ನೆಯ ಸುತ್ತ ಹುಟ್ಟಿಕೊಂಡವು: ಸಂದೇಶ ತಪ್ಪಿಹೋಗದಂತೆ ಎಷ್ಟು ಹೊತ್ತು ಕಿವಿ ಮುಚ್ಚಿಕೊಂಡಿರಬಹುದು?

ಇದಕ್ಕೆ ಮೊದಲು ಉತ್ತರ ಕಂಡುಕೊಂಡವರಲ್ಲಿ ಪೇಜರ್ (ಮೊಬೈಲಿಗೂ ಮುಂಚೆ ಚಿಕ್ಕ ಸಂದೇಶಗಳನ್ನು ಹಿಡಿಯುತ್ತಿದ್ದ ಜೇಬಿನ ಸಾಧನ) ತಯಾರಕರೂ ಇದ್ದರು ಎಂಬುದನ್ನು ಈಗ ಯಾರೂ ನೆನೆಯುವುದಿಲ್ಲ. ಬ್ರಿಟನ್ನಿನ ಅಂಚೆ ಇಲಾಖೆಯ ಸಮಿತಿಯೊಂದು ರೂಪಿಸಿದ ಪೊಕ್ಸಾಗ್ ಎಂಬ ಪೇಜರ್ ಪದ್ಧತಿಯಲ್ಲಿ ಸಂದೇಶಗಳ ಪ್ರತಿ ಕಂತಿಗೆ ಎಂಟು ಭಾಗಗಳಿದ್ದು, ಪೇಜರಿನ ಸಂಖ್ಯೆಯ ಕೊನೆಯ ಮೂರು ಬಿಟ್‌ಗಳೇ ಅದು ಯಾವ ಭಾಗದಲ್ಲಿ ಎಚ್ಚರವಿರಬೇಕೆಂಬುದನ್ನು ತೀರ್ಮಾನಿಸುತ್ತಿದ್ದವು. ಉಳಿದ ಏಳು ಭಾಗಗಳ ಹೊತ್ತಿನಲ್ಲಿ ಅದು ನಿದ್ರಿಸಬಹುದಿತ್ತು. ಅದಕ್ಕೂ ಮುಂಚೆ ಒಂದು-ಸೊನ್ನೆ, ಒಂದು-ಸೊನ್ನೆ ಎಂದು ಕನಿಷ್ಠ 576 ಬಿಟ್‌ಗಳ ಪ್ರಿಯಾಂಬಲ್, ಅಂದರೆ ಸಂದೇಶ ಬರಲಿದೆ ಎಂದು ಎಚ್ಚರಿಸುವ ಸಂಕೇತ, ಬರುತ್ತಿತ್ತು. ಸೆಕೆಂಡಿಗೆ 512 ಬಿಟ್‌ಗಳ ವೇಗದಲ್ಲಿ ಅದು ಒಂದು ಸೆಕೆಂಡಿಗೂ ಮಿಗಿಲಾದ್ದರಿಂದ, ಸೆಕೆಂಡಿಗೊಮ್ಮೆ ಕಣ್ಣುಬಿಟ್ಟು ನೋಡುವ ಪೇಜರಿಗೂ ಸಂದೇಶ ತಪ್ಪುತ್ತಿರಲಿಲ್ಲ. 2004ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಜೋಸೆಫ್ ಪೊಲಾಸ್ಟ್ರೆ, ಜೇಸನ್ ಹಿಲ್ ಮತ್ತು ಡೇವಿಡ್ ಕಲ್ಲರ್ ಪ್ರಕಟಿಸಿದ ಬಿ-ಮ್ಯಾಕ್ ಎಂಬ ವಿಧಾನವು ಇದೇ ಉಪಾಯವನ್ನು ಸೆನ್ಸರ್ ಜಾಲಗಳಲ್ಲಿ ಬಳಸಿಕೊಂಡಿತು: ಕೇಳುವವನು ಆಗಾಗ ಕ್ಷಣಕಾಲ ಎದ್ದು ಗಾಳಿಯಲ್ಲಿ ಸಂಕೇತವೇನಾದರೂ ಇದೆಯೇ ಎಂದು ನೋಡಿ ಮತ್ತೆ ಮಲಗುತ್ತಾನೆ, ಹೇಳುವವನು ಆ ಅಂತರಕ್ಕಿಂತ ಉದ್ದವಾದ ಪ್ರಿಯಾಂಬಲ್ ಕಳುಹಿಸುತ್ತಾನೆ. ಖರ್ಚು ಕೇಳುವವನ ತಲೆಯಿಂದ ಇಳಿದು ಹೇಳುವವನ ತಲೆಗೆ ಏರಿತು. ಹೇಳುವುದು ಅಪರೂಪವಾದ್ದರಿಂದ ಒಟ್ಟಾರೆ ಲಾಭವೇ ಆಯಿತು.

ಎರಡೂ ಕಡೆಯವರು ಗಡಿಯಾರ ಹೊಂದಿಸಿಕೊಂಡು ಗೊತ್ತಾದ ಗಳಿಗೆಯಲ್ಲಿ ಮಾತ್ರ ಏಳುವುದು ಇನ್ನೊಂದು ದಾರಿ. ಕಡಿಮೆ ವಿದ್ಯುತ್ತಿನ ನಿಸ್ತಂತು ಜಾಲಗಳಿಗಾಗಿ ಬಂದ 2012ರ 802.15.4ಇ ಮಾನಕದಲ್ಲಿ ಇದಕ್ಕೆ ವ್ಯವಸ್ಥಿತ ರೂಪ ಬಂತು. ತೊಡಕಿರುವುದು ಗಡಿಯಾರದ ಸ್ಫಟಿಕದಲ್ಲಿ. ಕೈಗಡಿಯಾರಗಳಲ್ಲೂ ಇರುವ 32.768 ಕಿಲೊಹರ್ಟ್ಸ್ ಸ್ಫಟಿಕವು 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸರಿಯಾಗಿ ನಡೆಯುತ್ತದೆ. ಅದರಿಂದ ಶಾಖ ಏರಿದರೂ ಇಳಿದರೂ ನಿಧಾನವಾಗುತ್ತದೆ, ಆ ನಿಧಾನವು ಉಷ್ಣಾಂಶದ ವ್ಯತ್ಯಾಸದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಟೆರೇಸಿನ ಪ್ಲಾಸ್ಟಿಕ್ ಡಬ್ಬಿಯ ಒಳಗೆ 60 ಡಿಗ್ರಿ ಮುಟ್ಟಿತೆಂದರೆ ಆ ಗಡಿಯಾರ ಹತ್ತು ಲಕ್ಷಕ್ಕೆ ಸುಮಾರು 40 ಭಾಗ ಹಿಂದೆ ಬೀಳುತ್ತದೆ, ನೆಲಮಾಳಿಗೆಯ ಸಂಪಿನ ಬಳಿ ಇರುವುದು ಸರಿಯಾಗಿಯೇ ಓಡುತ್ತಿರುತ್ತದೆ. ಒಂದು ಮಿಲಿಸೆಕೆಂಡ್ ಅಂತರವನ್ನಷ್ಟೇ ಸಹಿಸಬಲ್ಲ ಜಾಲವಾದರೆ ಇಪ್ಪತ್ತೈದು ಸೆಕೆಂಡಿಗೊಮ್ಮೆ ಇಬ್ಬರ ಸಮಯವನ್ನೂ ಸರಿಪಡಿಸಬೇಕಾಗುತ್ತದೆ.

ನಿಮ್ಮ ಮೀಟರುಗಳು ಬಹುಶಃ ಲೋರಾವ್ಯಾನ್ ಪದ್ಧತಿಯವು, ಅಂದರೆ ಕಡಿಮೆ ವಿದ್ಯುತ್ತಿನಲ್ಲಿ ಚಿಕ್ಕ ಸಂದೇಶಗಳನ್ನು ದೂರಕ್ಕೆ ಕಳುಹಿಸುವ ರೇಡಿಯೊ ಜಾಲದವು. ಅವು ಈ ಎರಡು ದಾರಿಗಳನ್ನೂ ಬಿಟ್ಟು ಇನ್ನೂ ಹಳೆಯದೊಂದನ್ನು ಹಿಡಿದಿವೆ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ದ್ವೀಪಗಳ ನಡುವೆ ಅಲೋಹ ಎಂಬ ರೇಡಿಯೊ ಜಾಲವನ್ನು ನಡೆಸಿದಾಗ ಅದರ ನಿಯಮ ಸರಳವಾಗಿತ್ತು: ಹೇಳುವುದಿದ್ದರೆ ಹೇಳಿಬಿಡು, ಅದೇ ಹೊತ್ತಿನ ಇನ್ನೊಬ್ಬರ ಸಂದೇಶಕ್ಕೆ ಡಿಕ್ಕಿಯಾದರೆ ಸ್ವಲ್ಪ ತಡೆದು ಮತ್ತೆ ಹೇಳು. ಹೀಗೆ ಮಾಡಿದರೆ ಚಾನೆಲ್ಲಿನ ಸಾಮರ್ಥ್ಯದ ಶೇ. 18ರಷ್ಟು ಮಾತ್ರ ಉಪಯೋಗಕ್ಕೆ ಬರುತ್ತದೆ. 1973ರಲ್ಲಿ ಜೆರಾಕ್ಸ್ ಪಾರ್ಕ್ ಎಂಬ ಸಂಶೋಧನಾಲಯದಲ್ಲಿ ಈಥರ್ನೆಟ್ಟನ್ನು (ಕಂಪ್ಯೂಟರುಗಳನ್ನು ತಂತಿಯಿಂದ ಬೆಸೆಯುವ ಜಾಲ) ಕಲ್ಪಿಸಿದ ರಾಬರ್ಟ್ ಮೆಟ್‌ಕಾಫ್ ಅಲೋಹದಿಂದ ಪ್ರೇರಣೆ ಪಡೆದವರು. ಈಥರ್ನೆಟ್ ಮಾಡಿದ ಮುಖ್ಯ ಸುಧಾರಣೆಯೆಂದರೆ ಮಾತನಾಡುವ ಮೊದಲು ಆಲಿಸು ಎಂಬುದು. ಲೋರಾವ್ಯಾನ್ ಆ ಸುಧಾರಣೆಯನ್ನೇ ಕೈಬಿಟ್ಟು ಮರಳಿ ಅಲೋಹಕ್ಕೆ ಹೋಯಿತು, ಏಕೆಂದರೆ ಇಲ್ಲಿ ಆಲಿಸುವುದೇ ದುಬಾರಿ. ಅದರ ಎ ವರ್ಗದ ಮೀಟರ್ ತನಗೆ ಬೇಕಾದಾಗ ಎದ್ದು ಅಂಕಿಯನ್ನು ಕಳುಹಿಸಿ, ಒಂದು ಸೆಕೆಂಡಿನ ನಂತರ ಒಮ್ಮೆ, ಎರಡು ಸೆಕೆಂಡಿನ ನಂತರ ಇನ್ನೊಮ್ಮೆ ಉತ್ತರಕ್ಕಾಗಿ ಕಿವಿಗೊಟ್ಟು ಮಲಗಿಬಿಡುತ್ತದೆ. ನನ್ನ ದೃಷ್ಟಿಯಲ್ಲಿ ಈ ಹಿಂದಡಿಯೇ ಆ ಪದ್ಧತಿಯ ಜಾಣತನ.

ಲೋರಾವ್ಯಾನಿಗೆ ದೂರ ತಲುಪುವ ಗುಣ ಬಂದದ್ದು ಫ್ರಾನ್ಸಿನ ಗ್ರೆನೊಬಲ್‌ನ ಸೈಕ್ಲಿಯೊ ಎಂಬ ಸಣ್ಣ ಕಂಪನಿಯಿಂದ. 2012ರಲ್ಲಿ ಅದನ್ನು ಅಮೆರಿಕದ ಚಿಪ್ ಕಂಪನಿ ಸೆಮ್‌ಟೆಕ್ ಕೊಂಡುಕೊಂಡಿತು. ಪಿಟೀಲಿನ ತಂತಿಯ ಮೇಲೆ ಬೆರಳು ಜಾರಿಸಿದಂತೆ ಆವರ್ತನವನ್ನು ಒಂದೇ ಸಮನೆ ಜಾರಿಸುತ್ತ ಕಳುಹಿಸುವ ಈ ಸಂಕೇತವನ್ನು, ಗದ್ದಲಕ್ಕಿಂತ ನೂರು ಪಟ್ಟು ದುರ್ಬಲವಾಗಿದ್ದರೂ ಗುರುತಿಸಬಹುದು. ಎಷ್ಟು ನಿಧಾನವಾಗಿ ಜಾರಿಸುತ್ತೀರೋ ಅಷ್ಟು ದೂರ ಮುಟ್ಟುತ್ತದೆ. ಆ ನಿಧಾನದ ಅಳತೆಯೇ 7ರಿಂದ 12ರವರೆಗಿನ ಸ್ಪ್ರೆಡಿಂಗ್ ಫ್ಯಾಕ್ಟರ್. ನಮ್ಮಲ್ಲಿ 865-867 ಮೆಗಾಹರ್ಟ್ಸ್ ಪಟ್ಟಿ 2005ರಿಂದ ಪರವಾನಗಿಮುಕ್ತವಾಗಿರುವುದರಿಂದ ಇದಕ್ಕೆ ತರಂಗಾಂತರದ ಪರವಾನಗಿ ಬೇಕಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಹತ್ತು ಬೈಟ್‌ಗಳ ಮೀಟರ್ ಅಂಕಿಯನ್ನು ಕಳುಹಿಸಲು ಫ್ಯಾಕ್ಟರ್ 7ರಲ್ಲಿ ಸುಮಾರು 62 ಮಿಲಿಸೆಕೆಂಡ್ ಸಾಕು, 12ರಲ್ಲಿ ಸುಮಾರು ಒಂದೂವರೆ ಸೆಕೆಂಡ್ ಬೇಕು. ಗಂಟೆಗೊಮ್ಮೆ, 30 ಮಿಲಿಆಂಪಿಯರಿನಲ್ಲಿ ಕಳುಹಿಸಿದರೆ ದಿನಕ್ಕೆ 7ರಲ್ಲಿ 0.012 ಮಿಲಿಆಂಪಿಯರ್-ಗಂಟೆ, 12ರಲ್ಲಿ 0.3. ದಿನವಿಡೀ 2 ಮೈಕ್ರೊಆಂಪಿಯರ್ ಎಳೆಯುತ್ತ ನಿದ್ರಿಸುವುದಕ್ಕೇ 0.048 ಬೇಕು. ಇಂಥ ಮೀಟರುಗಳಲ್ಲಿ ಹಾಕುವ 2,400 ಮಿಲಿಆಂಪಿಯರ್-ಗಂಟೆಯ ಲಿಥಿಯಂ ಥಯೊನಿಲ್ ಕ್ಲೋರೈಡ್ ಸೆಲ್ ಏನೂ ಕೆಲಸ ಮಾಡದೆಯೂ ವರ್ಷಕ್ಕೆ ಶೇ. 1ರಷ್ಟು, ಅಂದರೆ ದಿನಕ್ಕೆ 0.066ರಷ್ಟು ತಾನಾಗಿಯೇ ಸೋರುತ್ತದೆ. ಸಂಕೇತ ಚೆನ್ನಾಗಿ ಸಿಗುವ ಜಾಗದಲ್ಲಿ ರೇಡಿಯೊ ಮಾತನಾಡುವುದಕ್ಕಿಂತ ಸೆಲ್ ಸುಮ್ಮನಿರುವುದೇ ಹೆಚ್ಚು ಖರ್ಚಿನ ಬಾಬ್ತು! ಕಾಗದದ ಮೇಲೆ ಹತ್ತು ವರ್ಷ ಎಂಬುದು ಉತ್ಪ್ರೇಕ್ಷೆಯಲ್ಲ.

ಆದರೆ ಆ ಸೆಲ್ಲಿಗೆ ಒಂದು ಸ್ವಭಾವವಿದೆ. ಬಹುಕಾಲ ವಿಶ್ರಾಂತಿಯಲ್ಲಿದ್ದರೆ ಲಿಥಿಯಮ್ಮಿನ ಮೇಲೆ ಲಿಥಿಯಂ ಕ್ಲೋರೈಡಿನ ತೆಳುಪದರ ಬೆಳೆಯುತ್ತದೆ. ಸೋರಿಕೆಯನ್ನು ತಡೆಯುವುದೂ ಅದೇ, ತಟ್ಟನೆ ಹೆಚ್ಚು ಕರೆಂಟ್ ಕೇಳಿದಾಗ ವೋಲ್ಟೇಜ್ ಕುಸಿಯಲು ಕಾರಣವೂ ಅದೇ. ಅಗ್ಗದ ಮೀಟರುಗಳು ಸಂದೇಶದ ನಡುವೆಯೇ ರೀಸೆಟ್ ಆಗುವುದನ್ನು ನಾನು ಆಸಿಲೋಸ್ಕೋಪಿನಲ್ಲಿ (ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಉಪಕರಣ) ನೋಡಿದ್ದೇನೆ: 3.6 ವೋಲ್ಟಿನ ಗೆರೆ ರೇಡಿಯೊ ಎದ್ದ ಕೂಡಲೇ ಕೆಳಗೆ ಬೀಳುತ್ತದೆ, ಪ್ರೊಸೆಸರ್ ಮೊದಲಿನಿಂದ ಆರಂಭಿಸುತ್ತದೆ, ಮತ್ತೆ ಜಾಲಕ್ಕೆ ಸೇರಲು ಯತ್ನಿಸುತ್ತದೆ, ಮತ್ತೆ ಗೆರೆ ಬೀಳುತ್ತದೆ. ಸೆಲ್ಲಿನ ಜೊತೆಗೆ, ಆ ಕ್ಷಣಕ್ಕೆ ಬೇಕಾದ ಕರೆಂಟನ್ನು ಮೊದಲೇ ಕೂಡಿಟ್ಟು ಕೊಡುವ ತಕ್ಕ ಕೆಪಾಸಿಟರ್ ಇದೆಯೇ ಎಂದು ಕಂಪನಿಯವರನ್ನು ಕೇಳಿ.

ಇನ್ನೊಂದು ಪ್ರಶ್ನೆಯನ್ನೂ ತಪ್ಪದೆ ಕೇಳಬೇಕು. ಬೆಂಗಳೂರಿನ ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಒಂದೊಂದು ಬಚ್ಚಲುಮನೆಗೂ ಅಡುಗೆಮನೆಗೂ ಪ್ರತ್ಯೇಕ ಕೊಳವೆ ಇಳಿದಿರುವುದರಿಂದ ಒಂದು ಮನೆಗೆ ನಾಲ್ಕು ಮೀಟರುಗಳು ಬೇಕಾಗುವುದುಂಟು. 300 ಮನೆಗಳೆಂದರೆ 1,200 ಮೀಟರ್. ಟೆರೇಸಿನಲ್ಲಿ ಒಂದೇ ಗೇಟ್‌ವೇ (ಮೀಟರುಗಳ ಸಂದೇಶ ಹಿಡಿದು ಇಂಟರ್ನೆಟ್ಟಿಗೆ ದಾಟಿಸುವ ಪೆಟ್ಟಿಗೆ) ಇಟ್ಟು, ಕೆಳಮಹಡಿಗಳ ಡಕ್ಟ್‌ನೊಳಗಿನ ಮೀಟರುಗಳೆಲ್ಲ ಫ್ಯಾಕ್ಟರ್ 12ರಲ್ಲಿ ಕೂಗುವಂತಾದರೆ ಗಂಟೆಗೆ 1,800 ಸೆಕೆಂಡಿನಷ್ಟು ಪ್ರಸಾರವಾಗುತ್ತದೆ. ಮೂರು ಚಾನೆಲ್ಲುಗಳಿಗೆ ಹಂಚಿದರೂ ಅಲೋಹದ ಸೂತ್ರದ ಪ್ರಕಾರ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಸಂದೇಶಗಳು ಡಿಕ್ಕಿಯಾಗುತ್ತವೆ. ಪ್ರತಿ ಸಂದೇಶಕ್ಕೂ ಸ್ವೀಕೃತಿ, ಅಂದರೆ ತಲುಪಿತು ಎಂಬ ಮರುಉತ್ತರ, ಬೇಕೆಂದು ಮೀಟರ್ ಹಟ ಹಿಡಿದು ಎಂಟೆಂಟು ಬಾರಿ ಕಳುಹಿಸುತ್ತ ಕುಳಿತರೆ ಸೆಲ್ ಮೂರು ವರ್ಷವೂ ಬಾಳುವುದಿಲ್ಲ. ನಡುಮಹಡಿಯಲ್ಲಿ ಎರಡನೆಯ ಗೇಟ್‌ವೇ ಹಾಕಿಸಿ, ಎರಡನ್ನೂ ಯುಪಿಎಸ್ ಮೇಲೆ ಇಡಿಸಿ, ಸ್ವೀಕೃತಿಯನ್ನು ದಿನಕ್ಕೊಮ್ಮೆ ಮಾತ್ರ ಕೇಳುವಂತೆ ಮಾಡಿಸಿ.

ನಿಮ್ಮ ಟ್ಯಾಂಕಿನ ವಿಷಯ. ಅದರಲ್ಲಿರುವುದು ಇಎಸ್‌ಪಿ8266 ಎಂಬ ವೈಫೈ ಚಿಪ್ ಆಗಿದ್ದರೆ ಆಲಿಸುವಾಗ 50 ಮಿಲಿಆಂಪಿಯರಿಗೂ ಮೇಲೆ ಎಳೆಯುತ್ತದೆ, ಹಾಗಾಗಿ ನೀವು ಹೇಳುವ ಎರಡು ದಿನ ಲೆಕ್ಕಕ್ಕೆ ಸರಿಯಾಗಿಯೇ ಇದೆ. ಡೀಪ್ ಸ್ಲೀಪ್ ಎಂಬ ಗಾಢ ನಿದ್ರೆಯ ಸ್ಥಿತಿಯಲ್ಲಿ ಚಿಪ್ 20 ಮೈಕ್ರೊಆಂಪಿಯರಿಗೆ ಇಳಿಯುತ್ತದೆ. ಅದಕ್ಕೆ ಜಿಪಿಐಒ 16ನೇ ಪಿನ್ನನ್ನು ರೀಸೆಟ್‌ಗೆ ತಂತಿಯಿಂದ ಜೋಡಿಸಿ, ಕಾಲು ಗಂಟೆಗೊಮ್ಮೆ ಏಳುವಂತೆ ಬರೆಯಿರಿ. ಯುಎಸ್‌ಬಿ ಇರುವ ಡೆವಲಪ್‌ಮೆಂಟ್ ಬೋರ್ಡ್ ಆದರೆ ಅದರ ರೆಗ್ಯುಲೇಟರ್, ಯುಎಸ್‌ಬಿ ಚಿಪ್ ಮತ್ತು ಎಲ್‌ಇಡಿ ನಿದ್ರೆಯಲ್ಲೂ ಕರೆಂಟ್ ಎಳೆಯುತ್ತಲೇ ಇರುತ್ತವೆ. ಅದನ್ನು ಬಿಟ್ಟು ಬರಿಯ ಮಾಡ್ಯೂಲನ್ನೇ ಬಳಸಿ.