ಪಟ್ಟಿ ಮೊದಲು, ಪೊಟ್ಟಣ ಆಮೇಲೆ

ಸಾಂಕ್ರಾಮಿಕ ರೋಗ ಹಬ್ಬಿದಾಗ ಸಂಘ-ಸಂಸ್ಥೆಗಳು ತಮ್ಮ ಕೆಲಸವನ್ನು ಹೇಗೆ ಬದಲಿಸಿಕೊಳ್ಳಬೇಕು ಎಂಬ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಆಯ್ದು ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮದು ಹದಿನೆಂಟು ಮಂದಿಯ ಸಂಘ. ತಿಂಗಳಿಗೊಮ್ಮೆ ಹಿರಿಯರಿಗೆ ಬಿಪಿ, ಶುಗರ್ ತಪಾಸಣೆ, ಸಂಜೆ ಮಕ್ಕಳಿಗೆ ಪಾಠ. ಕೊರೊನಾ ಬಂದಾಗ ಎರಡನ್ನೂ ನಿಲ್ಲಿಸಿ ಮಾಸ್ಕ್ ಹಂಚಿದೆವು. ಅದು ಸರಿಯೇ? ಮತ್ತೆ ಅಂಥದ್ದು ಬಂದರೆ ಏನು ಮಾಡಬೇಕು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮಾಸ್ಕ್ ಹಂಚುವವರು ಊರಲ್ಲಿ ಬೇಕಾದಷ್ಟು ಮಂದಿ ಇದ್ದರು. ಯಾರ ಮನೆಯಲ್ಲಿ ಯಾರಿಗೆ ಶುಗರ್ ಇದೆ ಎಂದು ಗೊತ್ತಿದ್ದದ್ದು ನಿಮಗೆ. ಹೊಸ ಕೆಲಸ ಹುಡುಕುವ ಮುನ್ನ ಇರುವ ಕೆಲಸವನ್ನೇ ತಿರುಗಿಸಿ ನೋಡಿ. ಪ್ರತಿ ಸೇವೆಯ ಎದುರು ಒಂದೇ ಪ್ರಶ್ನೆ ಬರೆಯಿರಿ: ಇದು ನಿಂತರೆ ಎಷ್ಟು ದಿನಕ್ಕೆ ಜನಕ್ಕೆ ಪೆಟ್ಟು ಬೀಳುತ್ತದೆ? ಇನ್ಸುಲಿನ್ ತಪ್ಪಿದರೆ ಒಂದೆರಡು ದಿನ ಸಾಕು. ಬಿಪಿ ಮಾತ್ರೆಗೂ ಹೆಚ್ಚು ದಿನ ಬೇಕಿಲ್ಲ. ಪಾಠದ ನಷ್ಟ ನಿಧಾನವಾಗಿ ಕಾಣುತ್ತದೆ. ಕೆಲಸ ಹಿಡಿಯುವುದೂ ಇದೇ ಕ್ರಮದಲ್ಲಿ.

ಶಿಬಿರಕ್ಕೆ ಜನ ಬರುವಂತಿಲ್ಲವಾದರೆ ಮಾತ್ರೆ ಮನೆಗೆ ಹೋಗಬೇಕು. ಅದಕ್ಕೆ ಐದು ಕಾಲಮ್ಮಿನ ಪಟ್ಟಿ ಸಾಕು: ಹೆಸರು, ಫೋನು, ಮನೆಯ ಗುರುತು, ಔಷಧ ಮತ್ತು ಅದರ ಮಿಲಿಗ್ರಾಂ, ಮುಗಿಯುವ ತಾರೀಕು. ಪಟ್ಟಿಯನ್ನು ಹೆಸರಿನ ಪ್ರಕಾರ ಜೋಡಿಸಬೇಡಿ, ಕೊನೆಯ ಕಾಲಮ್ಮಿನ ಪ್ರಕಾರ ಜೋಡಿಸಿ. ಇವತ್ತು ಯಾರ ಬಾಗಿಲಿಗೆ ಹೋಗಬೇಕು ಎಂಬುದು ತಾನಾಗಿ ಮೇಲೆ ಬರುತ್ತದೆ. ಇನ್ನೂ 7 ದಿನದ ಮಾತ್ರೆ ಉಳಿದಿರುವಾಗಲೇ ತರಿಸಿಬಿಡಿ. ಔಷಧದ ಹೆಸರನ್ನು ಫೋನಿನಲ್ಲಿ ಕೇಳಿ ಬರೆದುಕೊಳ್ಳಬೇಡಿ. ಸ್ಟ್ರಿಪ್ಪಿನ ಫೋಟೊ ತರಿಸಿ, ಜೊತೆಗೆ ವೈದ್ಯರ ಚೀಟಿಯದೂ ಇರಲಿ. ಆಮ್ಲೋಡಿಪಿನ್ ಎಂಬ ಬಿಪಿ ಮಾತ್ರೆಯ 2.5 ಮತ್ತು 5 ಮಿಲಿಗ್ರಾಂ ಕಿವಿಗೆ ಒಂದೇ ಥರ ಕೇಳಿಸುತ್ತವೆ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಅಂಗಡಿಯಲ್ಲಿ ಹಳೆಯ ಕಂಪನಿಯದು ಸಿಗದೆ ಅದೇ ಔಷಧವನ್ನು ಬೇರೆ ಹೆಸರಿನಲ್ಲಿ ತರುತ್ತೀರಿ. ಬಣ್ಣ ಬೇರೆ, ಆಕಾರ ಬೇರೆ. ಅಜ್ಜಿ ಅದನ್ನು ಹೊಸ ಮಾತ್ರೆ ಎಂದುಕೊಂಡು ಹಳೆಯದರ ಜೊತೆಗೆ ಇದನ್ನೂ ನುಂಗುತ್ತಾರೆ, ಬಿಪಿ ಇಳಿದು ಬಚ್ಚಲಲ್ಲಿ ಬೀಳುತ್ತಾರೆ. ಹೊಸ ಸ್ಟ್ರಿಪ್ ಕೊಡುವಾಗ ಹಳೆಯದನ್ನು ಕೈಗೆ ತೆಗೆದುಕೊಂಡು, ಎರಡರ ಮೇಲೂ ರಬ್ಬರ್ ಬ್ಯಾಂಡ್ ಹಾಕಿ, ‘ಎರಡೂ ಒಂದೇ, ದಿನಕ್ಕೆ ಒಂದೇ’ ಎಂದು ಚೀಟಿ ಅಂಟಿಸಿ.

ಇನ್ಸುಲಿನ್ ಒಯ್ಯುವಾಗ ಐಸ್‌ಪ್ಯಾಕಿಗೆ ಬಟ್ಟೆ ಸುತ್ತಿ. ಬಾಟಲಿಗೆ ಐಸ್ ನೇರ ತಾಗಬಾರದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ಮೊದಲಿನಂತೆಯೇ ಕಂಡರೂ ನಂಬುವಂತಿಲ್ಲ, ಎಸೆಯಬೇಕು.

ಪಾಠದ ಬಗ್ಗೆ: 2020ರ ಆಗಸ್ಟಿನಲ್ಲಿ ಸರ್ಕಾರ ‘ವಿದ್ಯಾಗಮ’ ಶುರುಮಾಡಿ ಮಕ್ಕಳನ್ನು ದೇವಸ್ಥಾನದ ಅಂಗಳ, ಮರದ ನೆರಳಿನಲ್ಲಿ ಕೂರಿಸಿತು. ಸೋಂಕಿನ ಸುದ್ದಿಗಳು ಬಂದು ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಬಯಲಿನಲ್ಲಿ ಪಾಠ ಮಾಡುವುದರಲ್ಲಿ ತಪ್ಪಿಲ್ಲ. ಆದರೆ ಒಬ್ಬರೇ ಮೇಷ್ಟ್ರು ದಿನಕ್ಕೆ ನಾಲ್ಕು ಗುಂಪು ಸುತ್ತಿದರೆ ಸೋಂಕೂ ಅವರ ಜೊತೆ ಸುತ್ತುತ್ತದೆ. ಒಂದು ಬೀದಿಯ ಐದಾರು ಮಕ್ಕಳು, ಅದೇ ಬೀದಿಯ ಒಬ್ಬರೇ ಕಲಿಸುವವರು – ಇದು ಬದಲಾಗದಿರಲಿ.

ಪ್ರಶ್ನೆ: ರೇಷನ್ ಕಿಟ್ ಕೊಡುವುದು ಒಳ್ಳೆಯದೋ, ಮಾಡಿದ ಊಟವೋ?
– ಮಹಿಳಾ ಸಂಘದ ಸದಸ್ಯೆ, ಕಲಬುರಗಿ

ಉತ್ತರ: ಒಲೆ ಇದೆಯೇ ಎಂದು ಮೊದಲು ಕೇಳಿ. ಕಟ್ಟಡ ಕೆಲಸದ ಶೆಡ್ಡಿನಲ್ಲಿರುವವರಿಗೆ ಗ್ಯಾಸ್ ಮುಗಿದಿದ್ದರೆ ಅಕ್ಕಿ ಬರೀ ಭಾರ. ಅವರಿಗೆ ಊಟವೇ ಬೇಕು. ಒಲೆಯೂ ರೇಷನ್ ಕಾರ್ಡೂ ಇರುವ ಮನೆಗೆ ಅಕ್ಕಿ ಹೊತ್ತುಕೊಂಡು ಹೋಗಬೇಡಿ. 2020ರ ಏಪ್ರಿಲ್‌ನಿಂದ ಬಿಪಿಎಲ್, ಅಂತ್ಯೋದಯ ಕಾರ್ಡಿನಲ್ಲಿರುವ ಒಬ್ಬೊಬ್ಬರಿಗೂ ತಿಂಗಳಿಗೆ 5 ಕಿಲೊ ಧಾನ್ಯ ಹೆಚ್ಚುವರಿಯಾಗಿ ಬಂದಿತ್ತು. ಅಂಥ ಹೊತ್ತಿನಲ್ಲಿ ಮನೆಯಲ್ಲಿ ಇಲ್ಲದ್ದು ಬೇಳೆ, ಎಣ್ಣೆ, ಸೋಪು. ನಾಲ್ವರ ಮನೆಗೆ 15 ದಿನಕ್ಕೆ 2 ಕಿಲೊ ತೊಗರಿಬೇಳೆ, 1 ಲೀಟರ್ ಎಣ್ಣೆ, 1 ಕಿಲೊ ಉಪ್ಪು, ಕಾಲು ಕಿಲೊ ಖಾರದಪುಡಿ, 1 ಕಿಲೊ ಸಕ್ಕರೆ, ಚಹಾಪುಡಿ, ಬಟ್ಟೆ ಸೋಪು, ಮೈ ಸೋಪು, ಎರಡು ಪ್ಯಾಕೆಟ್ ಸ್ಯಾನಿಟರಿ ಪ್ಯಾಡ್. ಪ್ಯಾಡನ್ನು ಗಂಡಸರೇ ಪಟ್ಟಿ ಮಾಡುವ ಸಂಘಗಳು ಮರೆಯುತ್ತವೆ.

ನಿಮ್ಮ ಕಡೆಗೆ ಇನ್ನೊಂದು ಮಾತು. ರೊಟ್ಟಿ ಉಣ್ಣುವ ಮನೆಗೆ ಜೋಳ ಕೊಡುವುದು ಸರಿ, ಆದರೆ ಗಿರಣಿ ಮುಚ್ಚಿದ್ದರೆ ಕಾಳು ಕೊಟ್ಟು ಏನು ಪ್ರಯೋಜನ? ಗಿರಣಿಯವರಿಗೆ ತೆರೆಯಲು ಅನುಮತಿ ಕೊಡಿಸುವುದೂ ಸಂಘದ ಕೆಲಸವೇ. ಬೀಸಿದ ಹಿಟ್ಟನ್ನೇ ಕೊಡುವುದಾದರೆ ಒಂದು ವಾರಕ್ಕೆ ಆಗುವಷ್ಟು ಮಾತ್ರ ಕೊಡಿ. ಜೋಳದ ಹಿಟ್ಟು ಹಳತಾದರೆ ಕಹಿಯಾಗುತ್ತದೆ, ರೊಟ್ಟಿ ತಟ್ಟುವಾಗ ಹರಿಯುತ್ತದೆ.

ಪ್ರಶ್ನೆ: ದಿನಕ್ಕೆ 200 ಪೊಟ್ಟಣ ತರಕಾರಿ ಬಾತ್ ಕೊಡುತ್ತಿದ್ದೆವು. ಬೆಳಗ್ಗೆ ಕಟ್ಟಿದ್ದು ಮಧ್ಯಾಹ್ನಕ್ಕೆ ಹಳಸಿದ ವಾಸನೆ ಬರುತ್ತಿತ್ತು. ಅಡುಗೆಯವರು ಚೆನ್ನಾಗಿಯೇ ಬೇಯಿಸುತ್ತಿದ್ದರು. ತಪ್ಪು ಎಲ್ಲಿ?
– ಓದುಗರು, ಮೈಸೂರು

ಉತ್ತರ: ತಪ್ಪು ಬೇಯಿಸುವುದರಲ್ಲಿಲ್ಲ, ಬೆಂದ ಮೇಲಿನ ಗಂಟೆಗಳಲ್ಲಿದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೀಜಾಣುವಿನ ರೂಪದಲ್ಲಿ ಇರುತ್ತದೆ, ಕುದಿಸಿದರೂ ಸಾಯುವುದಿಲ್ಲ. ಅನ್ನ 60 ಡಿಗ್ರಿಗಿಂತ ಕೆಳಗಿಳಿದು ಉಗುರುಬೆಚ್ಚಗೆ ಉಳಿದರೆ ಅದು ಎದ್ದು ಬೆಳೆಯುತ್ತದೆ. ಅದು ಬಿಡುವ ಒಂದು ವಿಷ, ವಾಂತಿ ತರಿಸುವಂಥದ್ದು, ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಗಾಗಿ ‘ಇನ್ನೊಮ್ಮೆ ಬಿಸಿ ಮಾಡಿ ಕೊಡೋಣ’ ಎಂಬ ಉಪಾಯ ಬೇಡ.

ಐದು ಗಂಟೆಗೆ ಒಲೆ ಹಚ್ಚಿ ಏಳಕ್ಕೆ ಇಳಿಸಿ, ಒಂದು ಗಂಟೆಗೆ ಹಂಚಿದರೆ ಆರು ಗಂಟೆ ಆಯಿತು. ಇಳಿಸಿದ ಹೊತ್ತಿನಿಂದ ಬಾಯಿಗೆ ಹೋಗುವವರೆಗೆ ನಾಲ್ಕು ಗಂಟೆ ದಾಟಬಾರದು. ಒಂದೇ ಕೊಳಗದಲ್ಲಿ 20 ಕಿಲೊ ಅಕ್ಕಿ ಬೇಯಿಸುವ ಬದಲು ಹತ್ತು ಹತ್ತು ಕಿಲೊದ ಎರಡು ಸರದಿ ಮಾಡಿ. 100 ಪೊಟ್ಟಣಕ್ಕೆ 10ರಿಂದ 12 ಕಿಲೊ ಅಕ್ಕಿ ಸಾಕು. ಮೊದಲ ಸರದಿ ಹತ್ತೂವರೆಗೆ ಇಳಿಯಲಿ, ದೂರದ ಬಡಾವಣೆಗೆ ಹೋಗಲಿ. ಎರಡನೆಯದು ಹನ್ನೊಂದೂವರೆಗೆ, ಹತ್ತಿರದವರಿಗೆ. ಪ್ರತಿ ಪೊಟ್ಟಣದ ಮೇಲೆ ‘ಇಂತಿಷ್ಟು ಗಂಟೆಯೊಳಗೆ ಉಣ್ಣಿ’ ಎಂದು ಬರೆಯಿರಿ. ಬಹಳ ಮಂದಿ ಅದನ್ನು ರಾತ್ರಿಗೆ ಎತ್ತಿಡುತ್ತಾರೆ. ರಾತ್ರಿ ಊಟ ಬರುತ್ತದೆಯೋ ಇಲ್ಲವೋ ಎಂಬ ಅನುಮಾನದಿಂದ.

ಕುದಿಯುವ ಬಾತನ್ನು ಹಾಗೇ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದರೆ ಆವಿ ಒಳಗೇ ನೀರಾಗಿ ಇಳಿಯುತ್ತದೆ, ಮೇಲಿನ ಪದರ ಒದ್ದೆಯಾಗುತ್ತದೆ. ಅಗಲ ತಟ್ಟೆಗಳಲ್ಲಿ ಎರಡು ಅಂಗುಲ ಹರವಿ ಹತ್ತು ನಿಮಿಷ ಆವಿ ಬಿಡಿ, ಆಮೇಲೆ ಕಟ್ಟಿ. ಆವಿ ಹೋಯಿತೆಂದು ಅಪಾಯ ಹೋಗುವುದಿಲ್ಲ. ಗಡಿಯಾರದ ಲೆಕ್ಕ ಆಗಲೂ ಅಷ್ಟೇ. ಜನ ಪಾತ್ರೆ ತರುವಂತಿದ್ದರೆ ಪೊಟ್ಟಣವನ್ನೇ ಬಿಟ್ಟು ಹಾಟ್‌ಬಾಕ್ಸಿನಿಂದ ಬಡಿಸುವುದು ಉತ್ತಮ.

ತಿಂಡಿಯನ್ನೂ ಬದಲಿಸಿ. ಆಲೂಗಡ್ಡೆ, ಬಟಾಣಿ ಹಾಕಿದ ಬಾತು, ತೆಂಗಿನಕಾಯಿ ಚಟ್ನಿ, ಮೊಸರನ್ನ ಬೇಡ. ಪುಳಿಯೋಗರೆ, ಕಾಯಿ ಹಾಕದ ನಿಂಬೆಹಣ್ಣಿನ ಚಿತ್ರಾನ್ನ ಹುಳಿಯ ಬಲದಿಂದ ಹೆಚ್ಚು ತಡೆಯುತ್ತವೆ. ಪುಳಿಯೋಗರೆ ಗೊಜ್ಜನ್ನು ಹಿಂದಿನ ದಿನವೇ ಮಾಡಿಟ್ಟುಕೊಂಡರೆ ಬೆಳಗಿನ ಗಡಿಬಿಡಿಯೂ ತಗ್ಗುತ್ತದೆ. ದಿನವೂ ಒಂದು ಪೊಟ್ಟಣವನ್ನು ತಾರೀಕು ಬರೆದು ಫ್ರಿಜ್ಜಿನಲ್ಲಿ 24 ಗಂಟೆ ಇಡಿ. ಯಾರಿಗಾದರೂ ವಾಂತಿಯಾಯಿತೆಂದು ದೂರು ಬಂದರೆ ಪರೀಕ್ಷೆಗೆ ಕಳಿಸಲು ಬೇಕಾಗುತ್ತದೆ.

ಪ್ರಶ್ನೆ: 2021ರಲ್ಲಿ ದಾನಿಗಳು ಕೊಟ್ಟ ಎರಡು ಆಕ್ಸಿಜನ್ ಕಾನ್ಸಂಟ್ರೇಟರ್, ಮೂವತ್ತು ಆಕ್ಸಿಮೀಟರ್ ಕಚೇರಿಯ ಮೂಲೆಯಲ್ಲಿವೆ. ಏನು ಮಾಡೋಣ?
– ಓದುಗರು, ಶಿವಮೊಗ್ಗ

ಉತ್ತರ: ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರಿನ ಸೆಲ್ ಇವತ್ತೇ ತೆಗೆಯಿರಿ. ಸೋರಿದ್ದರೆ ಒಳಗಿನ ಪಟ್ಟಿಗೆ ತುಕ್ಕು ಹಿಡಿದಿರುತ್ತದೆ. ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಕಾನ್ಸಂಟ್ರೇಟರಿನೊಳಗೆ ಸಾರಜನಕ ಹೀರುವ ಜಿಯೊಲೈಟ್ ಹರಳುಗಳಿವೆ. ಮಲೆನಾಡಿನ ತೇವದಲ್ಲಿ ಓಡಿಸದೆ ಇಟ್ಟರೆ ಅವು ನೀರನ್ನೇ ಹೀರಿ ಕೆಡುತ್ತವೆ. ಆಗ ಯಂತ್ರ ಗುರ್ ಎಂದು ಓಡುತ್ತದೆ, ಗಾಳಿಯೂ ಬರುತ್ತದೆ, ಆದರೆ ಅದರಲ್ಲಿ ಆಮ್ಲಜನಕ ಕಡಿಮೆ. ಕಣ್ಣಿಗೆ ಗೊತ್ತಾಗದ ಕೆಡುಕು ಇದು. ತಂತ್ರಜ್ಞರನ್ನು ಕರೆಸಿ ಆಕ್ಸಿಜನ್ ಅನಲೈಸರಿನಲ್ಲಿ ಅಳೆಸಿ. ಸರಿಯಿದ್ದರೆ 90 ಶೇಕಡಾ ಮೇಲೆ ತೋರಿಸಬೇಕು. ತಿಂಗಳಿಗೊಮ್ಮೆಯಾದರೂ ಅರ್ಧ ಗಂಟೆ ಓಡಿಸಿ.

ಇದಕ್ಕಿಂತ ಒಳ್ಳೆಯ ದಾರಿ, ಶ್ವಾಸಕೋಶದ ಕಾಯಿಲೆಯವರಿಗೆ ವೈದ್ಯರ ಚೀಟಿ ನೋಡಿ ಎರವಲು ಕೊಡುವುದು. ಜೊತೆಗೆ ಮೂರು ಮಾತು ಹೇಳಿ: ಗೋಡೆಯಿಂದ ಒಂದಡಿ ದೂರ ಇಡಿ, ಹತ್ತಿರ ದೀಪ, ಊದುಬತ್ತಿ ಬೇಡ, ವಾರಕ್ಕೊಮ್ಮೆ ಫಿಲ್ಟರ್ ತೊಳೆದು ಒಣಗಿಸಿ. ಕರೆಂಟ್ ಹೋದರೆ ಏನು ಎಂಬುದಕ್ಕೆ ಲೆಕ್ಕ ಸಿದ್ಧವಿರಲಿ. ಸಣ್ಣ ಬಿ-ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್. ನಿಮಿಷಕ್ಕೆ 2 ಲೀಟರ್ ಬೇಕಾದವರಿಗೆ ಹನ್ನೆರಡು ಗಂಟೆ, 5 ಲೀಟರ್ ಬೇಕಾದವರಿಗೆ ಐದೇ ಗಂಟೆ.

ಪ್ರಶ್ನೆ: ಶಾಲಾ ಬ್ಯಾಗಿಗೆಂದು ಬಂದ ದೇಣಿಗೆಯನ್ನು ಔಷಧಕ್ಕೆ ಬಳಸಬಹುದೇ?
– ಟ್ರಸ್ಟ್ ಒಂದರ ಖಜಾಂಚಿ, ಬೆಂಗಳೂರು

ಉತ್ತರ: ದಾನಿ ಒಪ್ಪಿದರೆ ಬಳಸಬಹುದು. ಒಪ್ಪಿಗೆ ಬರಹದಲ್ಲಿರಲಿ, ಒಂದು ಇಮೇಲ್ ಆದರೂ ಸಾಕು. ಅದನ್ನು ಸಮಿತಿ ಸಭೆಯ ನಡಾವಳಿಗೆ ಲಗತ್ತಿಸಿ. ನಿಮ್ಮ ಟ್ರಸ್ಟ್ ಡೀಡಿನ ಉದ್ದೇಶಗಳಲ್ಲಿ ಆರೋಗ್ಯ ಇದೆಯೇ ಎಂದೂ ನೋಡಿಕೊಳ್ಳಿ. ವಿದೇಶಿ ದೇಣಿಗೆಯಾದರೆ ಇನ್ನೂ ಬಿಗಿ: ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ ಆ ಹಣವನ್ನು ಬೇರೆ ಸಂಸ್ಥೆಗೆ ದಾಟಿಸುವಂತಿಲ್ಲ, ನೀವೇ ಖರ್ಚು ಮಾಡಬೇಕು. ಊರಿನ ಸಣ್ಣ ಸಂಘಕ್ಕೆ ಕಳಿಸಿಬಿಡೋಣ ಎಂದು ಹೊರಟವರು ಸಿಕ್ಕಿಬೀಳುವುದು ಇಲ್ಲೇ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟವರಿಗೆ, ಅಕ್ಕಿ-ಬೇಳೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ. ಇದನ್ನು ರಸೀದಿ ಹರಿಯುವ ಮುಂಚೆಯೇ ಹೇಳಿಬಿಡಿ.