ಕೌನ್ಸೆಲರ್ ಆಮೇಲೆ, ಮೊದಲು ಮಾತ್ರೆ ವಿಚಾರಿಸಿ

ಬಾಗೇಪಲ್ಲಿ ಕಡೆ ಮಳೆಗೆ ಮನೆ ಬಿದ್ದವರು ಶಾಲೆಯಲ್ಲಿದ್ದಾರೆ, ವಯಸ್ಸಾದವರು, ಅಂಗವಿಕಲರು ತುಂಬಾ ಕುಗ್ಗಿದ್ದಾರೆ, ಬೆಂಗಳೂರಿಂದ ಕೌನ್ಸೆಲರ್‌ಗಳನ್ನು ಕರೆಸಬೇಕಾ ಅಂತ ಕೇಳಿದ್ದೀರಿ. ಈಗಲೇ ಬೇಡ ಅನ್ನಿಸುತ್ತದೆ.

ಮೂರ್ಛೆ ರೋಗಕ್ಕೋ ಮಾನಸಿಕ ಕಾಯಿಲೆಗೋ ಮಾತ್ರೆ ತೆಗೆದುಕೊಳ್ಳುತ್ತಿದ್ದವರ ಚೀಟಿ, ಮಾತ್ರೆ ಎರಡೂ ನೀರಲ್ಲಿ ಹೋಗಿರಬಹುದು. ಮಾತ್ರೆ ದಿಢೀರ್ ನಿಂತರೆ ಫಿಟ್ಸ್ ಬರಬಹುದು, ಕಾಯಿಲೆ ಮರುಕಳಿಸಬಹುದು. ನಾಚಿಕೆಗೆ ಎಷ್ಟೋ ಜನ ಬಾಯಿ ಬಿಡುವುದಿಲ್ಲ. ಆಶಾ ಕಾರ್ಯಕರ್ತೆಗೆ ಮನೆಮನೆ ವಿಷಯ ಗೊತ್ತಿರುತ್ತದೆ, ಅವರೇ ಒಬ್ಬೊಬ್ಬರನ್ನೂ ಪಕ್ಕಕ್ಕೆ ಕರೆದು ಕೇಳಲಿ. ದಿನಾ ಕುಡಿಯುತ್ತಿದ್ದವರು ಕುಡಿತ ನಿಂತು ಕೈ ನಡುಗಿ, ಏನೇನೋ ಬಡಬಡಿಸಿದರೆ ತಕ್ಷಣ ಆಸ್ಪತ್ರೆಗೆ ಸೇರಿಸಿ. ಅದು ಜೀವಕ್ಕೇ ಅಪಾಯ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನು ತಾಲ್ಲೂಕು ಆರೋಗ್ಯಾಧಿಕಾರಿ ಮೂಲಕ ಕರೆಸಿ. ಅಂಗವಿಕಲರ ಪಟ್ಟಿಗೆ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಎಲ್ಲರ ಕೈಯಲ್ಲೂ ಒಂದೇ ಪಟ್ಟಿ ಇರಲಿ, ಆದರೆ ಯಾರ ಕಾಯಿಲೆ ವಿವರವನ್ನೂ ವಾಟ್ಸಾಪ್ ಗ್ರೂಪಿಗೆ ಹಾಕಲೇಬೇಡಿ.

ಬಂದವರೆಲ್ಲ "ಏನಾಯ್ತು ಹೇಳಿ" ಅಂತ ಕೆದಕುವುದು ಬೇಡ, ಪಾಪ. ಅವರಾಗಿ ಹೇಳಿದರೆ ಕೂತು ಕೇಳಿ. ಪರಿಹಾರದ ಅರ್ಜಿ ಬರೆದುಕೊಡಿ, ಅದರಿಂದಲೇ ಜಾಸ್ತಿ ಧೈರ್ಯ ಬರುತ್ತದೆ. ಆ ಕಡೆ ಎಷ್ಟೋ ಅಜ್ಜಿಯರಿಗೆ ತೆಲುಗೇ ಸಲೀಸು, ಅಲ್ವಾ? ತೆಲುಗು ಬಲ್ಲವರನ್ನೇ ಜೊತೆಗೆ ಕೂರಿಸಿ. 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡ, ತೆಲುಗು ಎರಡೂ ಭಾಷೆಯಲ್ಲಿ ಮಾತಾಡಬಹುದು. ಯಾರಾದರೂ "ಸಾಯ್ತೀನಿ" ಅಂದರೆ ಸುಮ್ನೆ ಅಂತಾರೆ ಅಂದುಕೊಳ್ಳಬೇಡಿ. ಒಂಟಿಯಾಗಿ ಬಿಡದೆ ಅಲ್ಲಿಂದಲೇ ಫೋನ್ ಮಾಡಿ.