ಬ್ಯಾಟರಿ ಮೇಲೆ ರಾತ್ರಿಯಿಡೀ ಎಸಿ ಓಡುತ್ತದೆಯೇ? ಕ್ಯಾಂಪರ್ ವ್ಯಾನ್ ಮಾಲೀಕರಿಗೆ ಉತ್ತರ

ಬೇಸಿಗೆಯಲ್ಲಿ ಈ ಅಂಕಣಕ್ಕೆ ಬರುವ ಪತ್ರಗಳನ್ನು ನಾನು ಎರಡು ಗುಡ್ಡೆ ಮಾಡುತ್ತೇನೆ. ಬ್ಯಾಟರಿ ಮೇಲೆ ರಾತ್ರಿಯಿಡೀ ಎಸಿ ಓಡಿಸುವುದು ಹೇಗೆ ಎಂದು ಕೇಳುವ ಪತ್ರಗಳದ್ದು ಒಂದು, ಉಳಿದವುಗಳದ್ದು ಇನ್ನೊಂದು. ಮೊದಲನೆಯದು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ. ಹಳೆಯ ಟೆಂಪೊ ಟ್ರಾವೆಲರ್ ಕೊಂಡು, ಸೀಟು ಕಿತ್ತು, ಮಂಚ ಹಾಕಿಸಿ ಕುಟುಂಬ ಸಮೇತ ಊರೂರು ಸುತ್ತುವವರು ಹೆಚ್ಚಾಗಿದ್ದಾರೆ. ಸಂತೋಷ. ಹಾಗೆ ಮಾಡಿಕೊಡುತ್ತೇವೆ ಎಂದು ಬೋರ್ಡು ತೂಗುಹಾಕಿದವರು ಅವರಿಗಿಂತಲೂ ಹೆಚ್ಚಾಗಿದ್ದಾರೆ. ನನ್ನ ತಕರಾರು ಇರುವುದು ಇವರ ಮೇಲೆ. ವಾಹನಗಳ ಎಸಿ ಮತ್ತು ವೈರಿಂಗ್ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದಿರುವ ನಾನು ಈ ಉತ್ತರವನ್ನು ಒಮ್ಮೆ ಪೂರ್ತಿಯಾಗಿ ಬರೆದುಬಿಡುತ್ತೇನೆ. ಫ್ಯೂಸು, ಅರ್ಥಿಂಗ್, ಆರ್‌ಸಿಯಲ್ಲಿ ಬದಲಾವಣೆ ದಾಖಲಿಸುವುದು ಇತ್ಯಾದಿಗಳನ್ನು ಇಲ್ಲಿ ಹೇಳುವುದಿಲ್ಲ. ಅಷ್ಟೂ ಗೊತ್ತಿಲ್ಲದವರು ಗಾಡಿಯನ್ನು ಬಿಚ್ಚಬಾರದು.

ಪ್ರಶ್ನೆ: ನಮ್ಮ ಟ್ರಾವೆಲರ್‌ಗೆ ಒಂದೂವರೆ ಟನ್ನಿನ ಮನೆಯ ಸ್ಪ್ಲಿಟ್ ಎಸಿ ಹಾಕಿಸಿದ್ದೇವೆ. 12 ವೋಲ್ಟ್‌ನ, 150 ಆಂಪಿಯರ್-ಅವರ್‌ನ ಎರಡು ಟ್ಯೂಬುಲರ್ ಬ್ಯಾಟರಿ ಇವೆ. ಕಲಬುರಗಿಯಲ್ಲಿ ಏಪ್ರಿಲ್‌ನಲ್ಲಿ ಒಂದು ಗಂಟೆಗೇ ಬ್ಯಾಟರಿ ಕೈಕೊಡುತ್ತದೆ, ಅಷ್ಟರೊಳಗೆ ಒಳಗಡೆ ತಂಪೂ ಆಗಿರುವುದಿಲ್ಲ. ಎರಡು ಸೋಲಾರ್ ಪ್ಯಾನಲ್ ಸೇರಿಸಿ, ಎಸಿಯನ್ನು ಎರಡು ಟನ್ನಿಗೆ ಏರಿಸಿದರೆ ಸರಿಹೋಗುತ್ತದೆ ಎಂದು ಮಾಡಿಕೊಟ್ಟವರು ಹೇಳುತ್ತಿದ್ದಾರೆ. ಒಪ್ಪಬಹುದೇ?

ಒಪ್ಪಬೇಡಿ. ನಿಮ್ಮ ಬ್ಯಾಟರಿ ಕೈಕೊಟ್ಟಿಲ್ಲ, ಲೆಕ್ಕ ಕೈಕೊಟ್ಟಿದೆ.

150ನ್ನು 12ರಿಂದ ಗುಣಿಸಿ, ಎರಡು ಬ್ಯಾಟರಿಗೆ ಕೂಡಿಸಿ: 3,600 ವ್ಯಾಟ್-ಅವರ್, ಎಂದರೆ ಮನೆಯ ಮೀಟರಿನ ಭಾಷೆಯಲ್ಲಿ 3.6 ಯೂನಿಟ್. ಟ್ಯೂಬುಲರ್ ಎಂದರೆ ಆಸಿಡ್ ಬ್ಯಾಟರಿಯೇ; ಅದು ಬಾಳಿಕೆ ಬರಬೇಕಾದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಳಸಬಾರದು. ಉಳಿದದ್ದು 1.8 ಯೂನಿಟ್. ಇನ್ವರ್ಟರ್ ಅದರಲ್ಲಿ ಹತ್ತರಲ್ಲೊಂದು ಪಾಲನ್ನು ತಾನೇ ತಿನ್ನುತ್ತದೆ. ಒಂದೂವರೆ ಟನ್ನಿನ ಎಸಿ ಪೂರ್ತಿ ದುಡಿಯುವಾಗ ಗಂಟೆಗೆ ಸುಮಾರು ಒಂದೂವರೆ ಯೂನಿಟ್ ಎಳೆಯುತ್ತದೆ. ಇಷ್ಟಕ್ಕೇ ಒಂದು ಗಂಟೆ ಮುಗಿಯಿತು. ಇದರ ಮೇಲೆ ಇನ್ನೊಂದು ಮಾತಿದೆ. ಬ್ಯಾಟರಿ ಮೇಲೆ ಬರೆದ 150 ಎಂಬುದು ಇಪ್ಪತ್ತು ಗಂಟೆಗಳ ಕಾಲ ಏಳೂವರೆ ಆಂಪಿಯರ್‌ನಂತೆ ನಿಧಾನವಾಗಿ ಎಳೆದಾಗ ಸಿಗುವ ಲೆಕ್ಕ. ನೀವು ಒಂದೊಂದು ಬ್ಯಾಟರಿಯಿಂದ 60, 70 ಆಂಪಿಯರ್ ಎಳೆಯುತ್ತಿದ್ದೀರಿ. ಅಷ್ಟು ರಭಸಕ್ಕೆ ಆಸಿಡ್ ಬ್ಯಾಟರಿ ತನ್ನಲ್ಲಿರುವುದನ್ನೂ ಪೂರ್ತಿ ಕೊಡುವುದಿಲ್ಲ. ಒಂದು ಗಂಟೆ ಓಡಿದ್ದೇ ಅದರ ಉಪಕಾರ. ಮಲಗುವ ಜಾಗದ ಕೆಳಗೆ ಈ ಟ್ಯೂಬುಲರ್‌ಗಳನ್ನು ಇಟ್ಟಿದ್ದರೆ ದಯವಿಟ್ಟು ಹೊರಗಿನ ಪೆಟ್ಟಿಗೆಗೆ ಬದಲಿಸಿ. ಚಾರ್ಜ್ ಆಗುವಾಗ ಅವುಗಳಿಂದ ಹೈಡ್ರೋಜನ್ ಹೊರಬರುತ್ತದೆ.

ಇನ್ನು ಸೋಲಾರ್. 335 ವ್ಯಾಟ್‌ನ ಎರಡು ಪ್ಯಾನಲ್ ಹಾಕಿಸಿದಿರಿ ಎನ್ನೋಣ. ಚಾವಣಿಯ ಮೇಲೆ ಅಂಗಾತ ಮಲಗಿದ, ಧೂಳು ಕುಳಿತ, ಕಾದ ಪ್ಯಾನಲ್‌ಗಳಿಂದ ಒಳ್ಳೆಯ ಬಿಸಿಲಿನ ದಿನ ಎರಡು, ಹೆಚ್ಚೆಂದರೆ ಎರಡೂವರೆ ಯೂನಿಟ್ ಸಿಗುತ್ತದೆ. ಅದರಲ್ಲೇ ಫ್ರಿಜ್, ದೀಪ, ಪಂಪು, ಮೊಬೈಲ್ ಎಲ್ಲವೂ ನಡೆಯಬೇಕು. ಒಂದನ್ನೂ ಬಳಸದೆ ಎಲ್ಲವನ್ನೂ ಎಸಿಗೇ ಎತ್ತಿಟ್ಟರೂ ಇನ್ನೊಂದು ಗಂಟೆ, ಒಂದೂವರೆ ಗಂಟೆ. ‘ಸೋಲಾರ್ ಎಸಿ, ಖರ್ಚೇ ಇಲ್ಲ’ ಎಂದು ಮಾರುವವರ ಬಳಿ ಈ ಗುಣಾಕಾರವನ್ನು ಕಾಗದದ ಮೇಲೆ ಬರೆದುಕೊಡಿ ಎಂದು ಕೇಳಿ. ಬರೆದುಕೊಟ್ಟವರನ್ನು ನಾನು ಇನ್ನೂ ಕಂಡಿಲ್ಲ. ಆದರೂ ಪ್ಯಾನಲ್ ಹಾಕಿಸಿ ಎಂದೇ ಹೇಳುತ್ತೇನೆ, ಕಾರಣ ಬೇರೆ. ಚಾವಣಿಯಿಂದ ನಾಲ್ಕು ಬೆರಳು ಎತ್ತರದಲ್ಲಿ, ಕೆಳಗೆ ಗಾಳಿ ಆಡುವಂತೆ ಕೂರಿಸಿದ ಪ್ಯಾನಲ್ ಒಂದು ಚಪ್ಪರ. ನಿಮ್ಮ ವ್ಯಾನಿಗೆ ಅದರ ಕರೆಂಟಿಗಿಂತ ಅದರ ನೆರಳೇ ಹೆಚ್ಚು ತಂಪು ಕೊಡುತ್ತದೆ.

ಈಗ ಮುಖ್ಯ ವಿಷಯ. ಒಂದೂವರೆ ಟನ್ ಎಂದರೆ ಐದು ಕಿಲೋವ್ಯಾಟ್‌ಗಿಂತ ಹೆಚ್ಚು ಶಾಖವನ್ನು ಹೊರಹಾಕುವ ಶಕ್ತಿ. ಸಾಧಾರಣ ಮಲಗುವ ಕೋಣೆಗೆ ಅದು ಧಾರಾಳ. ಅದಕ್ಕಿಂತ ಚಿಕ್ಕದಾದ ಗಾಡಿಗೆ ಸಾಲುತ್ತಿಲ್ಲ ಎಂದರೆ ಶಾಖ ಎಲ್ಲಿಂದಲೋ ಸುರಿಯುತ್ತಿದೆ ಎಂದೇ ಅರ್ಥ. ತಳ ಒಡೆದ ಕೊಡಕ್ಕೆ ದೊಡ್ಡ ನಲ್ಲಿ ಹಾಕಿಸಿ ಪ್ರಯೋಜನವಿಲ್ಲ.

ಸುರಿಯುವುದು ಮೊದಲು ಚಾವಣಿಯಿಂದ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ನೆತ್ತಿಯ ಮೇಲೆಯೇ ಬಂದು ನೆಟ್ಟ ಕಂಬಕ್ಕೆ ನೆರಳೇ ಇಲ್ಲದ ದಿನವೊಂದು ಬರುತ್ತದಲ್ಲ, ಕಲಬುರಗಿಗೆ ಅದು ಬರುವುದು ಮೇ ತಿಂಗಳ ಮೊದಲ ಹದಿನೈದು ದಿನಗಳಲ್ಲಿ. ಎಂದರೆ ನೀವು ಪ್ರವಾಸ ಹೊರಡುವ ದಿನಗಳಲ್ಲೇ ಬಿಸಿಲು ಗೋಡೆಗಲ್ಲ, ನೇರ ಚಾವಣಿಗೆ ಬೀಳುತ್ತದೆ. ತಗಡು 60 ಡಿಗ್ರಿ ದಾಟುತ್ತದೆ. ಒಳಗಿನ ಹಲಗೆಗೂ ತಗಡಿಗೂ ನಡುವೆ ಏನಿದೆ ಎಂದು ಮಾಡಿಕೊಟ್ಟವರನ್ನು ಕೇಳಿ. ಬೆಳ್ಳಿ ಬಣ್ಣದ ಗುಳ್ಳೆ ಹಾಳೆ ಅಂಟಿಸಿದ್ದೇವೆ ಎಂದರೆ ನಿಮಗೆ ಟೋಪಿ ಹಾಕಿದ್ದಾರೆ. ಆ ಹೊಳಪು ಹಾಳೆ ಕೆಲಸ ಮಾಡಬೇಕಾದರೆ ಅದರ ಮುಂದೆ ಒಂದಿಷ್ಟು ಖಾಲಿ ಜಾಗ ಇರಲೇಬೇಕು. ತಗಡಿಗೂ ಹಲಗೆಗೂ ನಡುವೆ ಒತ್ತಿ ಕೂರಿಸಿದರೆ ಅದು ಹೊಳೆಯುವ ಕಸ, ಅಷ್ಟೇ. ಚಾವಣಿಗೆ ಕನಿಷ್ಠ ಒಂದೂವರೆ, ಎರಡು ಇಂಚು ದಪ್ಪದ ಪಿಯು ಫೋಮ್ ಹಲಗೆಯೋ ನೈಟ್ರೈಲ್ ರಬ್ಬರ್ ಹಾಳೆಯೋ ಬೇಕು. ಅದನ್ನು ಕಮಾನಿನಂತಿರುವ ಕಬ್ಬಿಣದ ಪಟ್ಟಿಗಳ ಮೇಲೂ ಹೊದಿಸಬೇಕು. ಎಲ್ಲರೂ ಬಿಡುವುದು ಈ ಪಟ್ಟಿಗಳನ್ನೇ. ತಗಡಿನ ಶಾಖ ಅವುಗಳ ಮೂಲಕ ಸೀದಾ ಒಳಗಿನ ಹಲಗೆಗೆ ಇಳಿಯುತ್ತದೆ. ಮಧ್ಯಾಹ್ನ ಚಾವಣಿಯ ಒಳಮೈಯನ್ನು ಅಂಗೈಯಿಂದ ಸವರಿ ನೋಡಿ, ಪಟ್ಟಿ ಎಲ್ಲೆಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಹುದು. ಥರ್ಮೋಕೋಲ್ ಬಳಸಿದ್ದರೆ ವೈರುಗಳನ್ನು ಪೈಪಿನೊಳಗೆ ಹಾಯಿಸಿದ್ದಾರೆಯೇ ನೋಡಿಕೊಳ್ಳಿ. ವೈರಿನ ಪಿವಿಸಿ ಹೊದಿಕೆ ಥರ್ಮೋಕೋಲ್‌ಗೆ ತಾಗಿಕೊಂಡೇ ಇದ್ದರೆ ಕಾಲಕ್ರಮೇಣ ಹಾಳಾಗುತ್ತದೆ.

ಆಮೇಲೆ ಗಾಜು. ನೇರ ಬಿಸಿಲಿನಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ಸುಮಾರು ಒಂದು ಕಿಲೋವ್ಯಾಟ್ ಬೀಳುತ್ತದೆ. ಸಾದಾ ಗಾಜು ಅದರ ಹೆಚ್ಚಿನ ಪಾಲನ್ನು ಒಳಕ್ಕೆ ಬಿಡುತ್ತದೆ. ಬಿಸಿಲಿಗೆ ಮುಖ ಮಾಡಿ ನಿಂತ ಟ್ರಾವೆಲರ್‌ನ ಮುಂಗಾಜು ರೂಮ್ ಹೀಟರ್‌ಗೆ ಸಮ. ನೀವೇನು ಮಾಡುತ್ತೀರಿ? ಒಳಗಡೆ ಚೆಂದದ ಪರದೆ ಎಳೆಯುತ್ತೀರಿ. ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ಪರದೆಯೇ ಕಾದು ಶಾಖವನ್ನು ಒಳಗೇ ಬಿಡುತ್ತದೆ. ತಡೆಯಬೇಕಾದದ್ದು ಹೊರಗಡೆ. ಅಡಿಕೆ ಸಸಿಮಡಿಗೆ ಕಟ್ಟುವ ಹಸಿರು ನೆರಳು ಬಲೆ ಎಲ್ಲ ಕೃಷಿ ಸಾಮಗ್ರಿ ಅಂಗಡಿಗಳಲ್ಲೂ ಸಿಗುತ್ತದೆ. ಎರಡು ಪದರ ಮಡಚಿ ಗಾಜಿನ ಹೊರಗೆ ಕಟ್ಟಿ, ಉಳಿದರೆ ಚಾವಣಿಯ ಮೇಲೂ ಎತ್ತರಿಸಿ ಎಳೆಯಿರಿ. ನಾನು ಇಷ್ಟು ವರ್ಷಗಳಲ್ಲಿ ಹೇಳಿದ ಉಪಾಯಗಳಲ್ಲಿ ಅತಿ ಅಗ್ಗದ್ದು ಇದು. ಜನ ಮಾಡದೇ ಇರುವುದೂ ಇದನ್ನೇ, ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವಂತೆ.

ಗಾಡಿ ನಿಲ್ಲಿಸುವಾಗ ಮೂತಿ ಪೂರ್ವಕ್ಕೆ, ಬೆನ್ನು ಪಶ್ಚಿಮಕ್ಕೆ. ಇಳಿಹೊತ್ತಿನ ಕೆಟ್ಟ ಬಿಸಿಲು ಹಿಂಬಾಗಿಲಿಗೆ ಬೀಳಲಿ, ಉದ್ದನೆಯ ಪಕ್ಕಗಳು ತಪ್ಪಿಸಿಕೊಳ್ಳಲಿ. ಬೇವು, ಹುಣಸೆ, ಹೊಂಗೆ ಕಂಡರೆ ಬಿಡಬೇಡಿ. ಕರಾವಳಿಯವರು ಇದನ್ನು ಓದಿ ತೆಂಗಿನ ಮರದ ಕೆಳಗೆ ನಿಲ್ಲಿಸಿದರೆ ಹೊಣೆ ನನ್ನದಲ್ಲ. ಹಂಪಿಯಲ್ಲಿ ಬಂಡೆಯ ನೆರಳು ಚೆನ್ನಾಗಿದೆ ಎಂದು ಅದಕ್ಕೆ ಒತ್ತಿ ನಿಲ್ಲಿಸಿ ಅಲ್ಲೇ ಮಲಗುವವರಿದ್ದಾರೆ. ಹಗಲಿಡೀ ಕುಡಿದ ಬಿಸಿಲನ್ನು ಆ ಬಂಡೆ ರಾತ್ರಿಯಿಡೀ ನಿಮ್ಮ ಮೇಲೆ ಉಗುಳುತ್ತದೆ. ಹಗಲು ಬಂಡೆಯ ನೆರಳಿನಲ್ಲಿರಿ, ಮಲಗಲು ಬಯಲಿಗೆ ಬನ್ನಿ.

ಎಸಿಯ ಹೊರಗಿನ ಯೂನಿಟ್ ಎಲ್ಲಿ ಕೂರಿಸಿದ್ದಾರೆಂದು ನೀವು ಬರೆದಿಲ್ಲ. ಹಿಂದಿನ ಡಿಕ್ಕಿಯಲ್ಲೋ ಚಾಸಿಯ ಕೆಳಗೋ ಪೆಟ್ಟಿಗೆ ಮಾಡಿ ನಾಲ್ಕು ಸೀಳು ಕೊರೆದಿರುತ್ತಾರೆ ಎಂದು ಊಹಿಸುತ್ತೇನೆ. ಹೊರಗೆ ಹೋಗಬೇಕಾದ ಬಿಸಿಗಾಳಿಯನ್ನು ಅದೇ ಯೂನಿಟ್ ಮತ್ತೆ ಒಳಗೆಳೆದುಕೊಳ್ಳುತ್ತಿದ್ದರೆ ಎರಡು ಟನ್ನಲ್ಲ, ನಾಲ್ಕು ಟನ್ನೂ ಏನೂ ಮಾಡಲಾರದು. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗಬೇಕು, ನಡುವೆ ತಗಡಿನ ತಡೆ ಇರಬೇಕು.

ಇಷ್ಟೆಲ್ಲ ಮಾಡಿದ ಮೇಲೆ ಒಂದೂವರೆ ಟನ್ ನಿಮಗೆ ಜಾಸ್ತಿಯೇ. ಮಲಗುವ ಭಾಗವನ್ನು ದಪ್ಪ ಪರದೆಯಿಂದ ಬೇರೆ ಮಾಡಿ, ಮುಕ್ಕಾಲು ಟನ್ನಿನ ಇನ್ವರ್ಟರ್ ಎಸಿ ಹಾಕಿ. ಕೋಣೆ ಒಮ್ಮೆ ತಣಿದ ಮೇಲೆ ಅದು ಗಂಟೆಗೆ ಅರ್ಧ ಯೂನಿಟ್‌ಗಿಂತ ಕಡಿಮೆಯಲ್ಲಿ ನಡೆಯುತ್ತದೆ. ಅದಕ್ಕೂ ಎಂಟು ಗಂಟೆಗೆ ಮೂರೂವರೆ, ನಾಲ್ಕು ಯೂನಿಟ್ ಬೇಕು. 400 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದ್ದರೆ ಸಾಧ್ಯ. ಅದರ ಬೆಲೆ ಕೇಳಿದ ಮೇಲೆ ಹೆಚ್ಚಿನವರು 16 ಆಂಪಿಯರ್ ಪ್ಲಗ್ ಕೊಡುವ ರೆಸಾರ್ಟೋ ತೋಟದ ಮನೆಯೋ ಹುಡುಕಿಕೊಳ್ಳುತ್ತಾರೆ. ಬುದ್ಧಿವಂತರು. ನಾನು ಅದನ್ನೂ ಮಾಡುವುದಿಲ್ಲ. ಚಾವಣಿಯಲ್ಲಿ ಬಿಸಿಗಾಳಿ ಹೊರಗೆಳೆಯುವ ಒಂದು 12 ವೋಲ್ಟ್ ಫ್ಯಾನ್, ಹಾಸಿಗೆ ಪಕ್ಕ ಇನ್ನೊಂದು, ಕಿಟಕಿಗಳಿಗೆ ಸೊಳ್ಳೆ ಜಾಲರಿ. ಎರಡೂ ಸೇರಿ 60 ವ್ಯಾಟ್. ರಾತ್ರಿಯಿಡೀ ತಿರುಗಿದರೂ ಅರ್ಧ ಯೂನಿಟ್. ಕಲಬುರಗಿ ಕಡೆಯ ಜನ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹಾಸಿಗೆ ಹಾಕಿಕೊಳ್ಳುವುದನ್ನು ನೀವು ಕಂಡಿರಬೇಕು. ರಾತ್ರಿ ಹತ್ತರ ಮೇಲೆ ಹೊರಗಿನ ಗಾಳಿಗೆ ದಾರಿ ಬಿಟ್ಟರೆ ಸಾಕಾಗುವ ದಿನಗಳೇ ಹೆಚ್ಚು.

ಪ್ರಶ್ನೆ: ಎಂಜಿನ್ ಚಾಲೂ ಇಟ್ಟು, ಇಲ್ಲವೇ ಚಿಕ್ಕ ಜನರೇಟರ್ ಹಚ್ಚಿ ಎಸಿ ಹಾಕಿಕೊಂಡು ಮಲಗಬಹುದೇ? ಕಿಟಕಿ ಒಂದು ಬೆರಳು ತೆರೆದಿಡುತ್ತೇವೆ.

ಬೇಡ. ಒಂದು ಬೆರಳಲ್ಲ, ಒಂದು ಅಡಿ ತೆರೆದರೂ ಬೇಡ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದ ಬಳಿ ರಸ್ತೆ ಬದಿಯಲ್ಲಿ ನಿಂತಿದ್ದ ಕ್ಯಾರವಾನ್‌ನಲ್ಲಿ ಇಬ್ಬರು ಸತ್ತರು. ಜನರೇಟರಿನ ಹೊಗೆಯಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರಿತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲಿರುವವರನ್ನು ಎಬ್ಬಿಸುವುದೂ ಇಲ್ಲ. ನನ್ನದೇ ಒಂದು ಅನುಭವ ಹೇಳುತ್ತೇನೆ. ವಿಜಯಪುರದಲ್ಲಿ ಒಮ್ಮೆ ನನ್ನ ಗಾಡಿಯ ಎಂಜಿನ್ ಬಂದ್ ಮಾಡಿಯೇ ಮಲಗಿದ್ದೆ. ಪಕ್ಕದಲ್ಲಿ ಬಂದು ನಿಂತ ಪ್ರವಾಸಿ ಬಸ್ಸೊಂದು ರಾತ್ರಿಯಿಡೀ ಎಂಜಿನ್ ಚಾಲೂ ಇಟ್ಟಿತ್ತು. ಬೆಳಿಗ್ಗೆ ತಲೆ ಸಿಡಿಯುತ್ತಿತ್ತು, ಎದ್ದು ನಿಂತರೆ ವಾಂತಿ. ಕಾರಣ ಅದೇ ಎಂದು ಸಾಬೀತು ಮಾಡಲಾರೆ. ಆದರೆ ಅಂದಿನಿಂದ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದ ಗಾಡಿಯಲ್ಲಿ ನಾನು ಮಲಗಿಲ್ಲ, ನನ್ನ ಕೈಯಿಂದ ಅಂತಹ ಗಾಡಿ ಹೊರಗೆ ಹೋಗಿಯೂ ಇಲ್ಲ. ಅಲಾರಂ ಇದೆಯಲ್ಲ, ಇನ್ನು ಜನರೇಟರ್ ಹಚ್ಚಬಹುದೇ ಎಂದು ಮುಂದಿನ ವಾರ ಬರೆಯಬೇಡಿ.

ಪ್ರಶ್ನೆ: ಎಸಿಗಿಂತ ನೀರಿನ ಕೂಲರ್ ವಾಸಿಯಂತೆ, ಹೌದೇ?

ಎಲ್ಲಿ ಎಂಬುದರ ಮೇಲೆ ಹೋಗುತ್ತದೆ. ಒಂದು ಲೀಟರ್ ನೀರು ಆವಿಯಾಗುವಾಗ ಮುಕ್ಕಾಲು ಯೂನಿಟ್‌ಗೆ ಹತ್ತಿರದಷ್ಟು ಶಾಖವನ್ನು ಹೀರುತ್ತದೆ, ಅದೂ ಬರಿಯ ಒಂದು ಫ್ಯಾನಿನ ಖರ್ಚಿನಲ್ಲಿ. 40 ಡಿಗ್ರಿ ಬಿಸಿಲು, ಶೇ 20ರಷ್ಟು ತೇವಾಂಶ ಇರುವ ರಾಯಚೂರಿನ ಮಧ್ಯಾಹ್ನದಲ್ಲಿ ಒಳ್ಳೆಯ ಕೂಲರ್ ಗಾಳಿಯನ್ನು 26, 27ಕ್ಕೆ ಇಳಿಸಬಲ್ಲದು. ಒಂದು ಕಿಟಕಿ ತೆರೆದಿರಲೇಬೇಕು, ಮುಚ್ಚಿದರೆ ಅರ್ಧ ಗಂಟೆಯಲ್ಲಿ ಇಡ್ಲಿ ಪಾತ್ರೆಯೊಳಗೆ ಕುಳಿತಂತೆ ಆಗುತ್ತದೆ. ಅದೇ ಕೂಲರನ್ನು ಮಂಗಳೂರಿಗೋ ಗೋಕರ್ಣಕ್ಕೋ ಒಯ್ದರೆ ಕಿಟಕಿ ತೆರೆದಿದ್ದರೂ ಅದೇ ಗತಿ. ಅಲ್ಲಿ ಫ್ಯಾನ್, ಸಮುದ್ರದ ಕಡೆಯ ಗಾಳಿ, ಇಲ್ಲವೇ ಎಸಿ.

ಪ್ರಶ್ನೆ: ಎಸಿ ಗ್ಯಾಸ್ ಪ್ರತಿ ಬೇಸಿಗೆಗೂ ತುಂಬಿಸಬೇಕು ಎಂದು ಮೆಕ್ಯಾನಿಕ್ ಹೇಳುತ್ತಾರೆ.

ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ಮನೆಯ ಎಸಿಯನ್ನು ಗಾಡಿಗೆ ಹಾಕಿದಾಗ ರಸ್ತೆಯ ಕುಲುಕಾಟಕ್ಕೆ ತಾಮ್ರದ ಪೈಪಿನ ಜೋಡಣೆ ಸಡಿಲವಾಗುತ್ತದೆ. ಸೋರಿಕೆ ಹುಡುಕಿ ಮುಚ್ಚುವವರ ಬಳಿ ಹೋಗಿ. ಹುಡುಕದೆ ತುಂಬಿಸುವವರು ನಿಮ್ಮನ್ನು ಪ್ರತಿ ಬೇಸಿಗೆಯಲ್ಲೂ ಪ್ರೀತಿಯಿಂದ ಸ್ವಾಗತಿಸುತ್ತಾರೆ.

ಪ್ರಶ್ನೆ: ಚಾವಣಿಗೆ ‘ನ್ಯಾನೋ’ ಬಣ್ಣ ಬಳಿದರೆ ಒಳಗೆ 20 ಡಿಗ್ರಿ ಇಳಿಯುತ್ತದೆಯೇ?

ಬಿಳಿ ಬಣ್ಣ ಬಳಿದರೆ ಕಪ್ಪು ಬಣ್ಣದ್ದಕ್ಕಿಂತ ತಗಡು ತುಂಬಾ ತಣ್ಣಗಿರುತ್ತದೆ. ಅದಕ್ಕೆ ‘ನ್ಯಾನೋ’ ಎಂಬ ಹೆಸರೂ, ಆ ಹೆಸರಿನ ಬೆಲೆಯೂ ಬೇಕಿಲ್ಲ.

ಪ್ರಶ್ನೆ: ಒಳಗೆ ಗ್ಯಾಸ್ ಒಲೆ ಹಚ್ಚಿದರೆ ಎಷ್ಟು ಬಿಸಿಯಾಗುತ್ತದೆ?

ದೊಡ್ಡ ಬರ್ನರ್ ಒಂದೇ ಎರಡು ಕಿಲೋವ್ಯಾಟ್ ದಾಟುತ್ತದೆ. ಹೊರಗೆ ಅಡುಗೆ ಮಾಡಿ.

ಪ್ರಶ್ನೆ: ಪಕ್ಕದ ಗಾಜುಗಳಿಗೆ ಕಪ್ಪು ಫಿಲಂ ಹಾಕಿಸಬಹುದೇ?

ಸುಪ್ರೀಂ ಕೋರ್ಟ್ 2012ರಲ್ಲೇ ಕಪ್ಪು ಫಿಲಂ ಬೇಡ ಎಂದಿದೆ. ಗಾಜಿನ ಹೊರಗೆ ಬಲೆ ಕಟ್ಟಿ ಎಂದು ಮೇಲೆ ಬರೆದಿದ್ದೇನೆ, ಅದನ್ನು ಓದಿ. ಓಡಿಸುವ ಮುನ್ನ ಬಿಚ್ಚಿ.

ಪ್ರಶ್ನೆ: ನಾಯಿಯನ್ನು ವ್ಯಾನಿನೊಳಗೆ ಫ್ಯಾನ್ ಹಾಕಿ ಬಿಟ್ಟು, ಎರಡು ಗಂಟೆಯಲ್ಲಿ ಬಾದಾಮಿಯ ಗುಹೆಗಳನ್ನು ನೋಡಿ ಬರಬಹುದೇ?

ಇಲ್ಲ. ನಿಮ್ಮಲ್ಲಿ ಒಬ್ಬರು ನಾಯಿಯ ಜೊತೆ ಮರದ ಕೆಳಗೆ ಕುಳಿತಿರಿ, ಆಮೇಲೆ ಅದಲುಬದಲಾಗಿ.